ಆರನೆಯ ಸ್ಟಾಪಿನ ಗೋಳಿಮರ

“ಮೇಡಂ, ನೀವು ಎಂಟೇ ಹೇಳಿದ್ದು,” ಎಂದಳು ಹುಡುಗಿ.

“ಎಂಟಲ್ಲ, ಒಂಬತ್ತು. ಸರಿಯಾಗಿ ಎಣಿಸು ಮಾರಾಯ್ತಿ,” ಎಂದು ಗದರಿದೆ. ಗದರುವುದು ನನ್ನ ಹಳೇ ಅಭ್ಯಾಸ. ಹುಟ್ಟಾ ಪುಕ್ಕಲಿಯಾದವಳು ನಾಲ್ಕು ಜನರ ನಡುವೆ ಬದುಕಬೇಕಾದರೆ ಸ್ವಲ್ಪ ಜೋರಾಗಿ ಮಾತಾಡಲೇಬೇಕಾಗುತ್ತದೆ.

ಅವಳು ಪಾಪ, ಇನ್ನೊಮ್ಮೆ ಬೆರಳು ಮಡಚಿದಳು. ಎಂಟೇ ಬಂತು.

ಅದೊಂದು ಭಾನುವಾರ ಬೆಳಿಗ್ಗೆ. ಕಾಸರಗೋಡು ಪೇಟೆಯ ಒಂದು ಖಾಸಗಿ ಆಸ್ಪತ್ರೆಯ ಕೆಳ ಅಂತಸ್ತಿನಲ್ಲಿ ನನ್ನ ಲ್ಯಾಬು. ಸರ್ಜನರು ಕೊಯ್ದು ತೆಗೆದ ಗಡ್ಡೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ, ಇದು ಕ್ಯಾನ್ಸರ್ ಹೌದೋ ಅಲ್ಲವೋ, ಹೌದಾದರೆ ಎಲ್ಲಿಯವರೆಗೆ ಹೋಗಿದೆ ಎಂದು ಬರೆದುಕೊಡುವುದು ನನ್ನ ಕೆಲಸ. ಈ ಪೆಥಾಲಜಿ ವಿಭಾಗದಲ್ಲಿ ರೋಗಿಯ ಮುಖ ನೋಡುವ ಪ್ರಸಂಗವೇ ಬರುವುದಿಲ್ಲ. ನನಗೆ ಬೇಕಾದದ್ದೂ ಅದೇ. ಹುಡುಗಿ ಪುತ್ತಿಗೆಯವಳು, ಎಂ.ಬಿ.ಬಿ.ಎಸ್. ಎರಡನೇ ವರ್ಷ. ಪೆಥಾಲಜಿಯಲ್ಲಿ ಎರಡು ಸಲ ಫೇಲಾಗಿದ್ದಳು. ಅವಳ ಚಿಕ್ಕಮ್ಮ ನಮ್ಮಲ್ಲಿ ನರ್ಸು. “ಬರೆಯಲಿಕ್ಕೆ ಕೂತರೆ ಬರೀತಾಳೆ ಮೇಡಂ. ಎದುರು ಕೂತು ಕೇಳಿದರೆ ಮಾತ್ರ ಕಲ್ಲಾಗಿಬಿಡ್ತಾಳೆ. ನಿಮ್ಮ ಬಸ್ಸಿನ ಉಪಾಯ ಸ್ವಲ್ಪ ಹೇಳಿಕೊಡಿ,” ಎಂದು ಚಿಕ್ಕಮ್ಮ ಕೈ ಹಿಡಿದು ಕೇಳಿಕೊಂಡಿದ್ದರು.

ಬಸ್ಸಿನ ಉಪಾಯ ಎಂದರೆ ಇದು. ನಾನು ಕಲಿಯುವ ಕಾಲದಲ್ಲಿ ಒಬ್ಬ ಪರೀಕ್ಷಕರು ಗಡ್ಡೆಯೊಂದನ್ನು ಮುಂದಿಟ್ಟು “ಏನೇನು ನೋಡ್ತೀ, ಹೇಳು” ಎಂದಾಗ ನನ್ನ ಬಾಯಿಯಲ್ಲಿ ನಾಲಿಗೆ ಇದೆಯೋ ಇಲ್ಲವೋ ಎಂದೇ ಗೊತ್ತಾಗಲಿಲ್ಲ. ಗೆಳತಿಯರು ಇಂಗ್ಲಿಷ್ ಅಕ್ಷರಗಳನ್ನು ಜೋಡಿಸಿ ಸೂತ್ರ ಮಾಡಿಕೊಳ್ಳುತ್ತಿದ್ದರು. ನನಗೆ ಅಕ್ಷರ ನೆನಪಾಗುತ್ತಿತ್ತು, ಅದರ ಹಿಂದಿನ ಶಬ್ದ ಮಾತ್ರ ಸತ್ತರೂ ಬರುತ್ತಿರಲಿಲ್ಲ. ಎಷ್ಟು ಹೆದರಿದರೂ ನಾನು ಮರೆಯದ ಒಂದೇ ಸಂಗತಿ ಎಂದರೆ ಕುಂಬಳೆಯಿಂದ ಕಾಸರಗೋಡಿಗೆ ಬರುವ ಬಸ್ಸಿನ ದಾರಿ. ಹಾಗಾಗಿ ಗಡ್ಡೆಗೆ ಕೇಳಬೇಕಾದ ಒಂಬತ್ತು ಪ್ರಶ್ನೆಗಳನ್ನು ಆ ದಾರಿಯ ಒಂಬತ್ತು ಜಾಗಗಳಿಗೆ ಕಟ್ಟಿದೆ. ಕುಂಬಳೆ ಬಸ್‌ಸ್ಟ್ಯಾಂಡಿನ ಗುಂಪು: ಈ ಜೀವಕೋಶಗಳು ಯಾವ ಜಾತಿಯವು? ಶಾಲೆ ಬಿಟ್ಟಾಗಿನ ಮಕ್ಕಳು: ಎಷ್ಟು ಶಿಸ್ತು ತಪ್ಪಿವೆ? ದರ್ಜಿ ಅಂಗಡಿಯಲ್ಲಿ ಗಡ್ಡೆಯ ಅಳತೆ. ಮೊಗ್ರಾಲ್ ಸೇತುವೆಯಲ್ಲಿ ಅದು ಎಷ್ಟು ಆಳಕ್ಕೆ ಇಳಿದಿದೆ ಎನ್ನುವುದು. ಮೀನು ಮಾರುವ ಕಟ್ಟೆಯಿಂದ ಹರಿಯುವ ಕೆಂಪು ನೀರು ಕಂಡರೆ, ರಕ್ತನಾಳದೊಳಗೆ ನುಗ್ಗಿದೆಯೋ ಎಂದು ನೋಡಬೇಕು. ಚೌಕಿಯ ಹತ್ತಿರದ ಉದ್ದದ ಕಂಪೌಂಡು ಗೋಡೆಗೆ, ಕೊಯ್ದ ಅಂಚಿನಲ್ಲಿ ಗಡ್ಡೆ ಉಳಿದಿದೆಯೋ ಎಂಬ ಪ್ರಶ್ನೆ. ಆಮೇಲೆ ಸಾಲಾಗಿ ನಿಂತ ಆಟೋಗಳು. ಅಲ್ಲಿ ಕುತ್ತಿಗೆಯ ದುಗ್ಧಗ್ರಂಥಿಗಳನ್ನು ಎಣಿಸಬೇಕು. ಎಷ್ಟು ಖಾಲಿ ನಿಂತಿವೆ, ಎಷ್ಟರಲ್ಲಿ ಕ್ಯಾನ್ಸರ್ ಸವಾರಿ ಹತ್ತಿದೆ? ಕೊನೆಗೆ ಕಾಸರಗೋಡು ಬಸ್‌ಸ್ಟ್ಯಾಂಡು: ರೋಗ ಯಾವ ಹಂತಕ್ಕೆ ತಲುಪಿದೆ?

ಕೆಲವು ವರ್ಷ ಒಂದು ಕಾಲೇಜಿನಲ್ಲಿ ಪಾಠ ಹೇಳುವಾಗ ಮಕ್ಕಳಿಗೂ ಇದನ್ನೇ ಹೇಳಿಕೊಟ್ಟೆ. ಆಮೇಲೆ ಆಸ್ಪತ್ರೆಗೆ ಬಂದ ಮೇಲೂ ಬಿಡಲಿಲ್ಲ. ಬೇರೆಯವರು ವರದಿ ಬರೆಯುವಾಗ ಅಚ್ಚು ಮಾಡಿದ ಪಟ್ಟಿ ಎದುರಿಗಿಟ್ಟುಕೊಳ್ಳುತ್ತಾರೆ. ನನಗೆ ಅದು ಬೇಡ. ಕಣ್ಣು ಮೈಕ್ರೋಸ್ಕೋಪಿನಲ್ಲಿ, ಮನಸ್ಸು ಬಸ್ಸಿನಲ್ಲಿ. ಈ ವಿಷಯದಲ್ಲಿ ನನಗೆ ಜಂಬವೂ ಸಾಕಷ್ಟಿತ್ತು.

ಹುಡುಗಿ ತನ್ನ ಫೈಲಿನಿಂದ ಜೆರಾಕ್ಸ್ ಹಾಳೆಯೊಂದನ್ನು ತೆಗೆದಳು. ಜೆರಾಕ್ಸಿನ ಜೆರಾಕ್ಸು, ಅಕ್ಷರ ಮಾಸಿತ್ತು. “ಸೀನಿಯರ್ ಅಕ್ಕ ಒಬ್ಬರು ಕೊಟ್ಟದ್ದು ಮೇಡಂ. ನಿಮ್ಮದೇ ಬರಹ ಅಂತೆ. ಇದರಲ್ಲಿ ಮೀನಿನ ಕಟ್ಟೆಗೂ ಕಂಪೌಂಡಿಗೂ ಮಧ್ಯೆ ಒಂದು ಗೋಳಿಮರ ಉಂಟು.”

ನನ್ನ ಅಕ್ಷರವೇ. ಆರನೆಯದು: ಗೋಳಿಮರ, ಟೆಲಿಫೋನ್ ಕಂಬಕ್ಕೆ ಬೇರು ಸುತ್ತಿದೆ. ಗಡ್ಡೆ ನರಕ್ಕೆ ಸುತ್ತಿದೆಯೋ?

ಆ ಮರ ನನ್ನ ತಲೆಯಲ್ಲೇ ಇರಲಿಲ್ಲ. ಮರೆತದ್ದು ನೆನಪಾದರೆ “ಓಹ್, ಹೌದಲ್ಲ” ಅನ್ನಿಸುತ್ತದೆ, ನನಗೆ ಅದೂ ಅನ್ನಿಸಲಿಲ್ಲ. ಬೇರೆ ಯಾರೋ ಬರೆದದ್ದನ್ನು ಓದಿದ ಹಾಗಾಯಿತು.

“ಅದು ಹಳೇ ಪಟ್ಟಿ,” ಎಂದೆ. “ಈಗ ಬದಲಾಗಿದೆ. ನೀನು ಮುಂದಿನ ವಾರ ಬಾ.” ಅವಳು ತಲೆಯಾಡಿಸಿ ಹೋದಳು. ನನ್ನ ಸುಳ್ಳನ್ನು ನಂಬಿಯೇ ಹೋದಳು. ನಾನು ಕಂಪ್ಯೂಟರ್ ತೆರೆದು ಹಿಂದಿನ ವಾರದ ಒಂದು ವರದಿ ತೆಗೆದೆ. ಜಾತಿ, ಶಿಸ್ತು, ಅಳತೆ, ಆಳ, ರಕ್ತನಾಳ, ಅಂಚು, ಗ್ರಂಥಿ, ಹಂತ. ನರ ಇರಲಿಲ್ಲ. ಅದರ ಹಿಂದಿನದರಲ್ಲೂ ಇಲ್ಲ. ಅದರ ಹಿಂದಿನದರಲ್ಲೂ ಇಲ್ಲ. ಇನ್ನೂ ಹಿಂದೆ ಹೋಗುವ ಧೈರ್ಯ ಸಾಲದೆ ಕಂಪ್ಯೂಟರ್ ಆರಿಸಿ ಬಸ್‌ಸ್ಟ್ಯಾಂಡಿಗೆ ನಡೆದೆ.

ಕುಂಬಳೆಯ ಬಸ್ಸಿನಲ್ಲಿ ಕಿಟಕಿ ಬದಿಯಲ್ಲಿ ಕೂತು ಆ ಮರ ಇದ್ದ ಜಾಗವನ್ನು ಹುಡುಕಿದೆ. ರಸ್ತೆ ಅಗಲ ಮಾಡುವ ಕೆಲಸ ಶುರುವಾದಂದಿನಿಂದ ನಮ್ಮ ಬಸ್ಸು ಸರ್ವಿಸ್ ರೋಡಿನಲ್ಲೇ ಹೋಗುವುದು. ಒಂದು ಬದಿಗೆ ಎರಡಾಳೆತ್ತರದ ಕಾಂಕ್ರೀಟ್ ಗೋಡೆ, ಅದರ ಮೇಲೆ ಹೊಸ ಹೆದ್ದಾರಿ. ಚೌಕಿ ಕಳೆದ ಮೇಲೆ ಎಲ್ಲಿಯೋ ಇರಬೇಕು. ಯಾವ ಕಡೆ ನೋಡಿದರೂ ಒಂದೇ ಥರ ಬೂದು ಗೋಡೆ. ಕಂಡಕ್ಟರನನ್ನು ಕೇಳಿದೆ. “ಗೋಳಿಮರವಾ? ಅದು ಕಡಿದು ಎಷ್ಟು ಕಾಲ ಆಯ್ತು ಮೇಡಂ! ಹೋದ ವರ್ಷ ಮಳೆಗಾಲಕ್ಕೆ ಮೊದಲೇ ಹೋಯ್ತಲ್ಲ. ನೀವು ದಿನಾ ಇದರಲ್ಲೇ ಬರುವವರು, ಕಾಣಲಿಲ್ವಾ?” ಎಂದು ನಕ್ಕ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಿಗೆ ಬಿತ್ತಂತೆ. ನನಗೆ ನಗು ಬರಲಿಲ್ಲ.

ಹೊರಗಿನವರಿಗೆ ಇಷ್ಟೊಂದು ಹೆದರಿಕೆ ಯಾಕೆ ಎನ್ನಿಸಬಹುದು. ನರಕ್ಕೆ ಸುತ್ತಿಕೊಂಡ ಗಡ್ಡೆ ಆ ನರದ ಉದ್ದಕ್ಕೂ ತೆವಳಿಕೊಂಡು ಹೋಗಬಲ್ಲದು. ಕೊಯ್ದ ಅಂಚು ಸ್ವಚ್ಛವಾಗಿದ್ದರೂ ಆಚೆ ದಾರಿ ಮಾಡಿಕೊಂಡಿರುತ್ತದೆ. ವರದಿಯಲ್ಲಿ “ನರದ ಸುತ್ತ ಇದೆ” ಎಂದಿದ್ದರೆ ಸರ್ಜನರು ರೋಗಿಯನ್ನು ರೇಡಿಯೇಷನ್ನಿಗೆ ಕಳಿಸುವ ಯೋಚನೆ ಮಾಡುತ್ತಾರೆ. ನಮ್ಮ ಊರಿನಲ್ಲಿ ಎಲೆಯಡಿಕೆ, ಹೊಗೆಸೊಪ್ಪು ಹಾಕಿ ಕೆನ್ನೆಯ ಒಳಗೆ ಹುಣ್ಣಾಗಿ ಬರುವವರು ಕಡಿಮೆ ಏನಿಲ್ಲ. ಆ ಕೆನ್ನೆಗಳ ವರದಿಯನ್ನೆಲ್ಲ ಬರೆಯುತ್ತಿದ್ದವಳು ನಾನು.

ಮರುದಿನ ಬೆಳಿಗ್ಗೆ ನಮ್ಮ ಹಿರಿಯ ಟೆಕ್ನೀಶಿಯನ್ನನ್ನು ಒಳಗೆ ಕರೆದು ಬಾಗಿಲು ಹಾಕಿದೆ. ನೀಲೇಶ್ವರ ಕಡೆಯ ಮಲಯಾಳಿ, ಇಪ್ಪತ್ತು ವರ್ಷದಿಂದ ಇದೇ ಕೆಲಸ. ಗಡ್ಡೆಯ ತುಂಡನ್ನು ಮೇಣದಲ್ಲಿ ಹೂತು, ಕೂದಲಿಗಿಂತ ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ, ಗಾಜಿನ ಮೇಲೆ ಕೂರಿಸಿ ನನಗೆ ಕೊಡುವವರು ಅವರು. ನಡೆದದ್ದನ್ನು ಹೇಳಿದೆ. ಬಸ್ಸು, ಮರ ಎಲ್ಲವನ್ನೂ ಹೇಳುವಾಗ ನಾಚಿಕೆಯಿಂದ ಸತ್ತೇ ಹೋದೆ.

ಅವರು ನಗಲಿಲ್ಲ. “ಎಷ್ಟು ಕೇಸ್ ಉಂಟು ಮೇಡಂ?” ಎಂದರು.

“ಗೊತ್ತಿಲ್ಲ. ನೋಡ್ಲಿಕ್ಕೆ ಹೆದರಿಕೆ ಆಗ್ತದೆ.”

“ಹಾಗಾದ್ರೆ ನಾನು ನೋಡ್ತೇನೆ. ನೀವು ಕೂತ್ಕೊಳ್ಳಿ.”

ಅವರೇ ರಿಜಿಸ್ಟರ್ ತಂದು ಒಂದೊಂದು ನಂಬರು ಓದಿದರು, ನಾನು ಒಂದೊಂದು ವರದಿ ತೆರೆದು ನೋಡಿದೆ. ಒಂದು ವಿಚಿತ್ರ ಕಂಡಿತು. ಮರ ಕಡಿದ ಕೂಡಲೇ ನರ ಬಿಟ್ಟುಹೋಗಿರಲಿಲ್ಲ. ಮಳೆಗಾಲ ಮುಗಿಯುವವರೆಗೂ ಪ್ರತಿ ವರದಿಯಲ್ಲೂ ನರದ ಸಾಲು ಇದೆ. ಬಹುಶಃ ಕಂಬ ಇನ್ನೂ ನಿಂತಿತ್ತು, ಕಡಿದ ಬುಡವಾದರೂ ಕಾಣುತ್ತಿತ್ತು. ಆಮೇಲೆ ಒಂದು ವರದಿಯಲ್ಲಿ ಇಲ್ಲ, ಮುಂದಿನದರಲ್ಲಿ ಇದೆ, ಅದರ ಮುಂದಿನದರಲ್ಲಿ ಇಲ್ಲ. ಗೋಡೆ ಎದ್ದ ಮೇಲೆ ಒಂದರಲ್ಲೂ ಇಲ್ಲ. ಬಾಯಿ ಮತ್ತು ಚರ್ಮದ ಗಡ್ಡೆಗಳು, ನರದ ಮಾತು ಬರೆಯಲೇಬೇಕಾಗಿದ್ದವು, ಹನ್ನೊಂದು. ಹನ್ನೊಂದು ಜನ.

ಹನ್ನೊಂದು ಜನರ ಸ್ಲೈಡುಗಳನ್ನು ಅವರು ಕಬ್ಬಿಣದ ಕಪಾಟಿನಿಂದ ಹೊರಗೆ ತೆಗೆದರು. ಕಡಲ ಕರೆಯ ತೇವಕ್ಕೆ ಕೆಲವು ಗಾಜುಗಳ ಅಂಚಿನಲ್ಲಿ ಬೂಸ್ಟು ಹಿಡಿದಿತ್ತು. ಒರೆಸಿ ಒರೆಸಿ ಕೊಟ್ಟರು. ದಿನದ ಕೆಲಸ ಮುಗಿಸಿ ದಿನಕ್ಕೆ ಎರಡು, ಮೂರು ನೋಡುವುದೆಂದು ಮಾಡಿದೆ. ಒಂದೊಂದು ಗಡ್ಡೆಗೂ ಎಂಟೋ ಹತ್ತೋ ಸ್ಲೈಡುಗಳು. ಮೂಲೆಯಿಂದ ಮೂಲೆಗೆ, ಗದ್ದೆ ಉತ್ತ ಹಾಗೆ ಸಾಲುಸಾಲಾಗಿ ನೋಡಬೇಕು. ನರ ಎಂದರೆ ಅಲೆಅಲೆಯಾಗಿ ಹರಿದ ನಸುಗುಲಾಬಿ ಎಳೆಗಳ ಕಟ್ಟು. ಗಡ್ಡೆ ಅದರ ಪಕ್ಕದಲ್ಲಿ ಬಿದ್ದಿದ್ದರೆ ಸಾಲದು. ಸುತ್ತಳತೆಯ ಮೂರರಲ್ಲಿ ಒಂದು ಭಾಗವನ್ನಾದರೂ ಅಪ್ಪಿಕೊಂಡಿರಬೇಕು, ಇಲ್ಲವೇ ನರದ ಹೊದಿಕೆಯೊಳಗೆ ಹೊಕ್ಕಿರಬೇಕು. ಕೆಲವೊಮ್ಮೆ ಅಡ್ಡ ಕತ್ತರಿಸಿದ ಸ್ನಾಯುವೂ ನರದ ವೇಷ ಹಾಕುತ್ತದೆ. ಪ್ರತಿ ನರ ಕಂಡಾಗಲೂ ಗಾಜನ್ನು ಅಲ್ಲೇ ನಿಲ್ಲಿಸುವುದು, ಸುತ್ತ ನೋಡುವುದು, ಖಾಲಿ ಇದೆ ಎಂದು ಖಾತ್ರಿಯಾದ ಮೇಲೆ ಉಸಿರು ಬಿಡುವುದು, ಮುಂದಿನ ಸಾಲು.

ಆ ವಾರ ಮನೆಯಲ್ಲಿ ಊಟ ಸೇರಲಿಲ್ಲ. ಮನೆಯವರು “ಎಂತ ಆಯ್ತು ನಿಂಗೆ?” ಎಂದರೆ ಮೈಮೇಲೆ ಬೀಳುತ್ತಿದ್ದೆ. ಕಾರಿಡಾರಿನಲ್ಲಿ ಸರ್ಜನರು ಎದುರಾದರೆ ಫೋನು ಕಿವಿಗಿಟ್ಟುಕೊಂಡು ದಾಟಿಹೋದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆಯಾಯಿತು ನನ್ನದು. ಯಾರೂ ಏನೂ ಅಂದಿರಲಿಲ್ಲ.

ಶನಿವಾರದ ಹೊತ್ತಿಗೆ ಹತ್ತು ಮುಗಿಯಿತು. ಹತ್ತರಲ್ಲೂ ನರ ಸ್ವಚ್ಛ. ಸ್ವಲ್ಪ ಧೈರ್ಯ ಬಂತು. ದೇವರಿಗೆ ಒಂದು ತೆಂಗಿನಕಾಯಿಯನ್ನೂ ಮನಸ್ಸಿನಲ್ಲೇ ಹೇಳಿಕೊಂಡೆ. ಉಳಿದದ್ದು ಒಂದು: ಕೆನ್ನೆಯ ಒಳಗಿನ ಸಣ್ಣ ಗಡ್ಡೆ, ಹೆಂಗಸು, ಐವತ್ತರ ಮೇಲೆ, ಆಪರೇಷನ್ ಆಗಿ ಏಳು ತಿಂಗಳು. ಆ ಪೆಟ್ಟಿಗೆ ತೆರೆದ ಟೆಕ್ನೀಶಿಯನ್ ಅದನ್ನು ನನ್ನ ಕಡೆಗೆ ಹಿಡಿದರು. ಗಡ್ಡೆಯ ನಡುಭಾಗದ ಸ್ಲೈಡು ಎರಡು ತುಂಡಾಗಿತ್ತು. ಯಾವಾಗಲೋ ಪೆಟ್ಟಿಗೆ ಬಿದ್ದಿರಬೇಕು. ಗಾಜಿನ ಚೂರು ಮಾತ್ರ ಉಳಿದು, ಮೇಲಿದ್ದ ಮಾಂಸದ ಪೊರೆ ಎದ್ದುಹೋಗಿತ್ತು.

“ಬ್ಲಾಕ್ ಉಂಟಲ್ಲ ಮೇಡಂ. ಹೊಸತು ಕಟ್ ಮಾಡುವ,” ಎಂದರು.

ಬ್ಲಾಕು ಎಂದರೆ ಆ ತುಂಡನ್ನು ಹೂತ ಮೇಣದ ಗಟ್ಟಿ. ಅದೂ ಸರಿಯಿರಲಿಲ್ಲ. ಬೇಸಿಗೆಯ ಸೆಕೆಗೆ ಮೇಣ ಕುಗ್ಗಿ, ತುಂಡಿನ ಒಂದು ಮೂಲೆ ಹೊರಗೆ ಇಣುಕುತ್ತಿತ್ತು. ಮೊದಲ ಸಲ ಕತ್ತರಿಸಿದಾಗ ರಿಬ್ಬನ್ನಿನ ಹಾಗೆ ಬರಬೇಕಾದ ಪೊರೆ ಪುಡಿಪುಡಿಯಾಗಿ ಬಂತು. ಅವರು ಬ್ಲಾಕನ್ನು ಕರಗಿಸಿ, ತುಂಡನ್ನು ಹೊಸ ಮೇಣದಲ್ಲಿ ಪುನಃ ಕೂರಿಸಿ, ಐಸಿನ ಮೇಲೆ ಮುಖ ಕೆಳಗೆ ಮಾಡಿ ಇಟ್ಟರು. “ಜಾಸ್ತಿ ಕಟ್ ಮಾಡಿದ್ರೆ ಇದ್ದದ್ದೂ ಹೋಗ್ತದೆ. ನಾಲ್ಕೇ ಪೊರೆ ತೆಗೀತೇನೆ,” ಎಂದರು. ನಾನು ಅವರ ಕೈಯನ್ನೇ ನೋಡುತ್ತ ನಿಂತೆ. ಬಿಸಿನೀರಿನ ಮೇಲೆ ಪೊರೆ ಸುಕ್ಕಿಲ್ಲದೆ ಹರಡಿಕೊಂಡಿತು. ಬಣ್ಣ ಹಾಕಿ ಒಣಗಲು ಇಟ್ಟು, ನಾಳೆ ಬೆಳಿಗ್ಗೆ ನೋಡುವ ಎಂದರು. ನಾನೂ ಹೂಂ ಎಂದೆ. ನಿಜ ಹೇಳಬೇಕೆಂದರೆ ಒಂದು ದಿನ ಮುಂದೆ ಹೋದದ್ದು ನನಗೆ ಹಿತವೇ ಆಯಿತು.

ನಾಳೆ ಎಂದರೆ ಭಾನುವಾರ. ಹುಡುಗಿ ಹೇಳಿದ ಹೊತ್ತಿಗೆ ಬಂದಳು. ನಮ್ಮಲ್ಲಿ ಇಬ್ಬರು ಒಟ್ಟಿಗೆ ನೋಡಬಹುದಾದ ಮೈಕ್ರೋಸ್ಕೋಪು ಒಂದಿದೆ. ಅವಳನ್ನು ಕಳಿಸಿಬಿಡೋಣ ಎಂದುಕೊಂಡವಳು ಯಾಕೋ ಎದುರಿನ ಕುರ್ಚಿಯಲ್ಲಿ ಕೂರಿಸಿದೆ. ಒಬ್ಬಳೇ ನೋಡಲು ಧೈರ್ಯವಿರಲಿಲ್ಲ, ಅಷ್ಟೇ. ಯಾರದು, ಯಾಕೆ ಎಂದು ಹೇಳಲಿಲ್ಲ. “ಎಂತ ಕಾಣ್ತದೆ ಹೇಳ್ತಾ ಹೋಗು,” ಎಂದೆ.

ಗಾಜನ್ನು ಮೆಲ್ಲಗೆ ಸರಿಸಿದೆ. ಒಂದನೇ ಸಾಲು, ಎರಡನೇ ಸಾಲು. ಗಡ್ಡೆ ಮುಗಿಯುವಲ್ಲಿ, ಕೊಬ್ಬಿನ ನಡುವೆ, ಒಂದು ನರ. ನನ್ನ ಕೈ ನಿಂತಿತು. ನಾನು ಬಾಯಿ ತೆರೆಯುವ ಮೊದಲೇ ಆಚೆಯಿಂದ ಸಣ್ಣ ಸ್ವರ ಕೇಳಿತು.

“ಮೇಡಂ. ಗೋಳಿಮರ.”

ಮೂರರಲ್ಲಿ ಒಂದು ಭಾಗವಲ್ಲ, ಪೂರ್ತಿ ಸುತ್ತಿಕೊಂಡಿತ್ತು. ನಾನು ತಲೆಯೆತ್ತಲಿಲ್ಲ. ಎತ್ತಿದರೆ ಅವಳಿಗೆ ನನ್ನ ಮುಖ ಕಾಣುತ್ತಿತ್ತು. “ಸರಿ,” ಎಂದೆ. “ಸರಿಯಾಗಿ ಹೇಳಿದೆ.”

ಒಂದು ವಿಶೇಷ ಬಣ್ಣದ ಪರೀಕ್ಷೆ ಇದೆ, ಅದು ನರವನ್ನು ಮಾತ್ರ ಕಂದು ಬಣ್ಣ ಮಾಡಿ ತೋರಿಸುತ್ತದೆ. ನಮ್ಮಲ್ಲಿ ಇಲ್ಲ. ಉಳಿದ ಪೊರೆಯೊಂದನ್ನು ಮಂಗಳೂರಿಗೆ ಕಳಿಸಿದೆವು. ಸಂಶಯ ನನಗಿರಲಿಲ್ಲ, ಕೇವಲ ಕಾಲಹರಣ. ನಾಲ್ಕನೇ ದಿನ ಗಾಜು ಮರಳಿ ಬಂತು. ಕಂದು ನರ, ಸುತ್ತ ಉಂಗುರದ ಹಾಗೆ ಗಡ್ಡೆ. ಅದನ್ನು ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ಎರಡು ದಿನ ಅದು ಅಲ್ಲೇ ಇತ್ತು. ಬರೆಯಲು ನಾಚಿಕೆಯಾದರೂ ಬರೆಯುತ್ತೇನೆ, ಆ ಎರಡು ದಿನ ನಾನು ಆ ಹೆಂಗಸಿನ ಬಗ್ಗೆ ಯೋಚಿಸಿದ್ದು ಕಡಿಮೆ. ಯೋಚಿಸಿದ್ದೆಲ್ಲ ನನ್ನ ಬಗ್ಗೆ. ಕೆಲಸ ಹೋಗುತ್ತದೆ, ಕೋರ್ಟಿಗೆ ಎಳೆಯುತ್ತಾರೆ, ಪೇಪರಿನಲ್ಲಿ ಬರುತ್ತದೆ, ಊರಿನಲ್ಲಿ ತಲೆಯೆತ್ತಿ ನಡೆಯುವ ಹಾಗಿಲ್ಲ. ಒಂದೊಂದು ಸಲ, ಅವಳಿಗೆ ಏನೂ ಆಗಿರಲಿಕ್ಕಿಲ್ಲ, ಏಳು ತಿಂಗಳು ಆಯಿತಲ್ಲ, ಎಂದೂ ಸಮಾಧಾನ ಮಾಡಿಕೊಂಡೆ.

ಎರಡನೇ ದಿನ ಮಧ್ಯಾಹ್ನ ಟೆಕ್ನೀಶಿಯನ್ ಚಹಾ ತಂದಿಟ್ಟು ನಿಂತರು. “ಮೇಡಂ, ನಾನು ಒಂದು ಮಾತು ಹೇಳ್ಲಾ? ಯಾರೂ ಕೇಳ್ಲಿಕ್ಕಿಲ್ಲ. ಆ ಗ್ಲಾಸ್ ನೋಡಿದ್ದು ನೀವು, ನಾನು, ಮತ್ತೆ ಆ ಹುಡುಗಿ. ಮಂಗಳೂರಿನವರಿಗೆ ಅದು ಬರೀ ಒಂದು ನಂಬರು. ನಾನು ಹೇಳುವುದಿಲ್ಲ.”

“ಹುಡುಗಿ?”

“ಅವಳಿಗೆ ಗೊತ್ತೇ ಇಲ್ಲ ಮೇಡಂ. ಅವಳಿಗೆ ಅದು ಪಾಠ.”

ಅವರು ನನ್ನ ಮೇಲಿನ ಪ್ರೀತಿಯಿಂದ ಹೇಳಿದ್ದು. ಆದರೆ ‘ಪಾಠ’ ಎಂಬ ಮಾತು ಚುಚ್ಚಿತು. ಎದುರು ಕೂತು ಕೇಳಿದರೆ ಕಲ್ಲಾಗುವ ಆ ಹುಡುಗಿ, ಕಂಡ ಕೂಡಲೇ ಹೆದರದೆ ಹೇಳಿದ್ದಳು. ನಾನು ಕಂಡು ಎರಡು ದಿನವಾಗಿ ಡ್ರಾಯರಿಗೆ ಬೀಗ ಹಾಕಿ ಕೂತಿದ್ದೆ. ಚಹಾ ಹಾಗೇ ಬಿಟ್ಟು, ಗಾಜನ್ನೂ ಹಳೇ ವರದಿಯನ್ನೂ ಹಿಡಿದುಕೊಂಡು ಸರ್ಜನರ ಕೋಣೆಗೆ ಹೋದೆ. ತಿರುಗಿ ಹೋಗೋಣವೇ ಎಂದು ಮೆಟ್ಟಿಲ ಮಧ್ಯದಲ್ಲಿ ಒಮ್ಮೆ ನಿಂತದ್ದೂ ಉಂಟು.

ಸರ್ಜನರು ಹಳೇ ವರದಿ ಎರಡು ಸಲ ಓದಿದರು. “ನರದ ಬಗ್ಗೆ ಬರೆದೇ ಇಲ್ಲ. ನಾನೂ ಕೇಳಲಿಲ್ಲ ನೋಡಿ. ಇದ್ರೆ ಮೇಡಂ ಬರೀತಾರೆ, ಬರೆಯದಿದ್ರೆ ಇಲ್ಲ ಅಂತ ಲೆಕ್ಕ.” ಪೆನ್ನಿಗೆ ಮುಚ್ಚಳ ಹಾಕಿಟ್ಟರು. “ಒಂದು ಕೆಲಸ ಮಾಡುವ. ಸುಮ್ಮನೆ ಚೆಕಪ್ ಅಂತ ಕರೆಸ್ತೇನೆ. ಸ್ಕ್ಯಾನ್ ಮಾಡಿಸುವ. ಎಂತದಾದ್ರೂ ಇದ್ರೆ ಚಿಕಿತ್ಸೆ. ನೀವು ವರದಿ ತಿದ್ದಲಿಕ್ಕೆ ಹೋಗ್ಬೇಡಿ, ಇಬ್ಬರಿಗೂ ತೊಂದರೆ.”

ಆ ಮಾತಿಗೆ ನನ್ನ ಒಳಗಿನ ಪುಕ್ಕಲಿ ಎದ್ದು ಕುಣಿದಳು. ಹೂಂ ಎನ್ನಲು ಒಂದು ಕ್ಷಣ ಸಾಕಿತ್ತು. ಸ್ಕ್ಯಾನ್ ಹೇಗೂ ಆಗುತ್ತದೆ, ಚಿಕಿತ್ಸೆಯೂ ಆಗುತ್ತದೆ. ಆದರೆ ಚೆಕಪ್ ಎಂದು ಕರೆದರೆ ಸರ್ಜನರ ಫೈಲಿನಲ್ಲಿ ‘ಬೀಡಿ ಕಟ್ಟುವ ಕೆಲಸ’ ಎಂದು ಬರೆಸಿದ್ದ ಆ ಹೆಂಗಸು ಒಂದು ದಿನದ ಕೆಲಸ ಬಿಟ್ಟು ಬರುತ್ತಾಳೆಯೇ? ಆಪರೇಷನ್ ಆದ ಮೇಲೆ ಎರಡೇ ಸಲ ತೋರಿಸಿಹೋದವಳು. ಸ್ಕ್ಯಾನ್ ಮಾಡುವವರಿಗೆ ಎಲ್ಲಿ ನೋಡಬೇಕೆಂದು ಯಾರು ಹೇಳುವುದು? ಹಳೇ ವರದಿಯಲ್ಲಿ ನರವೇ ಇಲ್ಲ.

“ತಿದ್ದಿ ಬರೀತೇನೆ ಡಾಕ್ಟ್ರೇ,” ಎಂದೆ. “ಅವರಿಗೂ ನಾನೇ ಹೇಳ್ತೇನೆ. ನೀವು ಒಟ್ಟಿಗಿರಿ ಅಷ್ಟೇ.”

ಅವರು ನನ್ನ ಮುಖ ನೋಡಿ, “ಆಯ್ತು,” ಎಂದರು. ಅವತ್ತೇ ಸಂಜೆ ತಿದ್ದಿದ ವರದಿ ಬರೆದೆ. ಮೇಲೆ “ತಿದ್ದಿದ ವರದಿ” ಎಂದು ದಪ್ಪ ಅಕ್ಷರದಲ್ಲಿ ಹಾಕಿ, ಮೊದಲ ವರದಿಯಲ್ಲಿ ನರದ ಪರಿಶೀಲನೆ ಬಿಟ್ಟುಹೋಗಿತ್ತು, ಈಗ ನೋಡಲಾಗಿ ಗಡ್ಡೆ ನರವನ್ನು ಸುತ್ತಿರುವುದು ಕಂಡುಬಂದಿದೆ ಎಂದು ಬರೆದು ಸಹಿ ಹಾಕಿದೆ. ಉಳಿದ ಹತ್ತಕ್ಕೂ ಒಂದೊಂದು ಸಾಲು ಸೇರಿಸಿದೆ. ಬಸ್ಸು, ಮರ ಇದನ್ನೆಲ್ಲ ಬರೆಯಲಿಲ್ಲ. ಬರೆದರೆ ನನಗೆ ತಲೆ ಕೆಟ್ಟಿದೆ ಎಂದೇ ತಿಳಿಯುತ್ತಿದ್ದರು.

ಹೆಂಗಸು ಅಗಲ್ಪಾಡಿ ಕಡೆಯವಳು. ಫೋನಿನಲ್ಲಿ ಸರ್ಜನರು, ಅಗತ್ಯವಾಗಿ ಬರಬೇಕು, ಒಂದು ತಪ್ಪಾಗಿದೆ ಎಂದು ಹೇಳಿದ್ದರಿಂದ ಎರಡನೇ ದಿನವೇ ಮಗಳ ಜೊತೆ ಬಂದಳು. ಮಾಸಿದ ಹಳದಿ ಸೀರೆ, ಬೀಡಿಯೆಲೆ ಕತ್ತರಿಸಿ ತೊಗಟೆಗಟ್ಟಿದ ಬೆರಳುಗಳು. ನಾನು ವರದಿ ಬರೆದ ರೋಗಿಯೊಬ್ಬರ ಎದುರು ಹೀಗೆ ಕೂತದ್ದು ಅದೇ ಮೊದಲು. ಗಾಜಿನಲ್ಲಿ ನಂಬರಾಗಿದ್ದವಳಿಗೆ ಮೂಗುತಿ ಇತ್ತು.

“ಅಕ್ಕ,” ಎಂದೆ. “ಆಪರೇಷನ್ ಮಾಡಿ ತೆಗೆದ ತುಂಡನ್ನು ನೋಡುವುದು ನಾನು. ನಿಮ್ಮದರಲ್ಲಿ ಒಂದು ವಿಷಯ ನೋಡಿ ಬರೀಲಿಕ್ಕೆ ಇತ್ತು. ಬಿಟ್ಟುಹೋಯ್ತು. ಡಾಕ್ಟ್ರ ತಪ್ಪಲ್ಲ, ನನ್ನ ತಪ್ಪು.”

“ಎಂತ ಬಿಟ್ಟುಹೋದ್ದು?” ಎಂದಳು ಮಗಳು, ಗಡುಸಾಗಿ.

“ಗಡ್ಡೆ ನರಕ್ಕೆ ಸುತ್ತಿದೆಯಾ ಅಂತ. ಸುತ್ತಿತ್ತು. ಆಗಲೇ ಬರೆದಿದ್ರೆ ಆಗಲೇ ಕರೆಂಟು ಕೊಡಿಸಬಹುದಿತ್ತು. ನಾನು ಮರೆತೆ.” ರೇಡಿಯೇಷನ್ನಿಗೆ ನಮ್ಮಲ್ಲಿ ಜನ ಕರೆಂಟು ಕೊಡುವುದು ಎಂದೇ ಹೇಳುತ್ತಾರೆ.

ಮಗಳು ಎದ್ದು ನಿಂತಳು. “ಮರೆತದ್ದಾ? ಮರೀಲಿಕ್ಕೆ ಇದೆಂತ ಅಂಗಡಿ ಸಾಮಾನಾ?” ನಾನು ತಲೆ ತಗ್ಗಿಸಿದೆ. ಸರ್ಜನರು ಏನೋ ಹೇಳಹೊರಟರು. ತಾಯಿ ಮಗಳ ಕೈ ಹಿಡಿದು ಕೂರಿಸಿದಳು. ಆಮೇಲೆ ತನ್ನ ಬಲಗೈಯ ತೋರುಬೆರಳನ್ನು ಎತ್ತಿ, ಕೆನ್ನೆಯ ಮೇಲೆ, ಬಾಯಿಯ ಮೂಲೆಯಿಂದ ಕಿವಿಯ ಕಡೆಗೆ ಎರಡು ಬೆರಳು ದೂರದಲ್ಲಿ ಇಟ್ಟಳು.

“ಇಲ್ಲಿಯಾ?”

ಸರ್ಜನರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

“ಇಲ್ಲಿ ಇರುವೆ ಹರಿದ ಹಾಗೆ ಆಗ್ತದೆ ಡಾಕ್ಟ್ರಮ್ಮ. ಮೂರು ತಿಂಗಳಾಯ್ತು. ಕೊಯ್ದದ್ದಲ್ವಾ, ಹಾಗೆ ಆಗುವುದು ಅಂತ ಗ್ರಹಿಸಿದೆ.” ಬೆರಳು ತೆಗೆಯಲಿಲ್ಲ. ಸಿಟ್ಟೂ ಇರಲಿಲ್ಲ ಸ್ವರದಲ್ಲಿ. “ಮರೆತದ್ದು ನೀವು. ನನಗೆ ಇದು ದಿನಾ ನೆನಪು ಮಾಡ್ತಾ ಇತ್ತು.”

ಬೈದಿದ್ದರೆ, ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ಕೆಳಗೆ ಲ್ಯಾಬಿಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಟೆಕ್ನೀಶಿಯನ್ ಹೊರಗಿನಿಂದ ಒಮ್ಮೆ ತಟ್ಟಿ ಸುಮ್ಮನಾದರು.

ಎಂ.ಆರ್.ಐ. ಮಾಡಿಸಿದಾಗ ಆ ಬೆರಳು ತೋರಿಸಿದ ಜಾಗದ ಒಳಗೇ ನರ ಸ್ವಲ್ಪ ದಪ್ಪಗಾಗಿ ಕಂಡಿತು. ತಲೆಬುರುಡೆಯ ಕಡೆಗೆ ಇನ್ನೂ ಏರಿರಲಿಲ್ಲ. ಮಂಗಳೂರಿನಲ್ಲಿ ಇನ್ನೊಂದು ಆಪರೇಷನ್, ಆಮೇಲೆ ಆರು ವಾರ ಕರೆಂಟು. ಬಾಯಿಯೆಲ್ಲ ಸುಟ್ಟ ಹಾಗಾಗಿ ಗಂಜಿನೀರೂ ಇಳಿಯದ ಆರು ವಾರ. ಅಷ್ಟೂ ಅನುಭವಿಸಬೇಕಾದದ್ದು ಅವಳು. ನಮ್ಮ ಆಸ್ಪತ್ರೆಯ ಆಡಳಿತದವರು ನನ್ನನ್ನು ಕರೆದು ಕೂರಿಸಿ ಕೇಳಿದರು. ಹೇಳಿದೆ. ಕೆಲಸ ಉಳಿಯಿತು, ಒಂದು ಎಚ್ಚರಿಕೆ ಪತ್ರ ಸಿಕ್ಕಿತು. ಈಗ ನನ್ನ ಮೇಜಿನ ಮೇಲೆ ಅಚ್ಚು ಮಾಡಿದ ಪಟ್ಟಿ ಇದೆ. ಒಂಬತ್ತೂ ಮನೆಗಳಲ್ಲಿ ನಾನು ಗುರುತು ಹಾಕಬೇಕು. ಟೆಕ್ನೀಶಿಯನ್ ಅದನ್ನು ಎಣಿಸಿ ತಮ್ಮ ಸಹಿ ಹಾಕಬೇಕು. ಆಮೇಲೆಯೇ ವರದಿ ಹೊರಗೆ ಹೋಗುವುದು. ಅವರು ಪ್ರತಿ ಸಲವೂ ಗಟ್ಟಿಯಾಗಿ ಎಣಿಸುತ್ತಾರೆ, ಮಲಯಾಳದಲ್ಲಿ. ಆರಕ್ಕೆ ಬಂದಾಗ ನಾನೂ ಸ್ವರ ಸೇರಿಸುತ್ತೇನೆ.

ಪರೀಕ್ಷೆಗೆ ಮುಂಚಿನ ಭಾನುವಾರ ಹುಡುಗಿ ಕೊನೆಯ ಸಲ ಬಂದಳು. ಅಷ್ಟರಲ್ಲಿ ಅವಳಿಗೆ ಎಲ್ಲವನ್ನೂ ಹೇಳಿದ್ದೆ. ತನ್ನ ಜೆರಾಕ್ಸ್ ಹಾಳೆ ಮುಂದಿಟ್ಟು ಪೆನ್ನು ಹಿಡಿದು ಕೇಳಿದಳು: “ಮೇಡಂ, ಮರ ಈಗ ಇಲ್ವಲ್ಲ. ನಾನು ಅದನ್ನು ಒಮ್ಮೆಯೂ ನೋಡಿದ ನೆನಪಿಲ್ಲ. ಗಾಬರಿ ಆದ್ರೆ ಬಿಟ್ಟುಹೋಗ್ತದೆ. ಆರನೆಯದಕ್ಕೆ ಎಂತ ಬರೆಯುವುದು?”

ನನಗೇ ಗೊತ್ತಿಲ್ಲದ ಹಾಗೆ ನನ್ನ ತೋರುಬೆರಳು ಎದ್ದು ಕೆನ್ನೆಯ ಮೇಲೆ ಕೂತಿತು, ಬಾಯಿಯ ಮೂಲೆಯಿಂದ ಎರಡು ಬೆರಳು ದೂರದಲ್ಲಿ. ಅವಳು ನೋಡಿದಳು. ಗೋಳಿಮರಕ್ಕೆ ಒಂದು ಗೆರೆ ಎಳೆದು, ಹಾಳೆ ಮಡಚಿ ಒಳಗಿಟ್ಟಳು.

ಮೌಖಿಕ ಪರೀಕ್ಷೆಯ ದಿನ ಹೊರಗೆ ಬಂದ ಕೂಡಲೇ ಫೋನ್ ಮಾಡಿದಳು. ಬಾಯಿಯ ಗಡ್ಡೆಯನ್ನೇ ಮುಂದಿಟ್ಟಿದ್ದರಂತೆ. ಐದು ಹೇಳುವವರೆಗೆ ಬಸ್ಸು ಸರಿಯಾಗಿ ಹೋಯಿತಂತೆ. ಆಮೇಲೆ ಪರೀಕ್ಷಕರು ಕನ್ನಡಕದ ಮೇಲಿನಿಂದ ನೋಡಿದರಂತೆ, ಇವಳು ಕಲ್ಲಾದಳಂತೆ.

“ಮತ್ತೆ?” ಎಂದೆ.

“ಮತ್ತೆಂತ ಇಲ್ಲ ಮೇಡಂ. ಕೈ ತನ್ನಷ್ಟಕ್ಕೆ ಕೆನ್ನೆಗೆ ಹೋಯ್ತು. ‘ಎಂತ, ಹಲ್ಲು ನೋವಾ?’ ಅಂತ ಕೇಳಿದ್ರು. ‘ಅಲ್ಲ ಸರ್, ನರ’ ಅಂದೆ.”